ದೇವರಿಗೆ ಬಿಟ್ಟ ಕೂದಲಿನ ಕೆಳಗೆ

ನಾನು ನಿಂತಿದ್ದದ್ದು ಭೀಮನಬೀಡಿನಲ್ಲಿ, ನನ್ನ ತಂಗಿಯ ಗಂಡನ ಮನೆಯ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ. ಶ್ರಾವಣದ ಒಂದು ಸೋಮವಾರ, ಬೆಳಗಿನ ಹೊತ್ತು. ಬಿಸಿಲು ಆಗಷ್ಟೇ ಜಗಲಿಯ ಅಂಚಿಗೆ ಬಂದಿತ್ತು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದೆ, ಇನ್ನೊಂದನ್ನು ಬಿಡುವುದರಲ್ಲಿದ್ದೆ. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ತಂಗಿಯ ಅತ್ತೆ ಕಾಲು ನೀಡಿಕೊಂಡು ಕೂತಿದ್ದರು. ಅವರ ತೊಡೆಯ ಮೇಲೆ ತಂಗಿಯ ಮಗಳು, ಇನ್ನೂ ಮೂರು ತುಂಬದ ಕೂಸು, ಮಗ್ಗುಲಾಗಿ ಮಲಗಿತ್ತು. ಎಡಗಿವಿ ಮೇಲಕ್ಕಿತ್ತು. ಕಿವಿ ಕಾಣುತ್ತಿರಲಿಲ್ಲ, ಕೂದಲು ಮುಚ್ಚಿತ್ತು. ಗಾಳಿ ಇರಲಿಲ್ಲ. ಕಂಬಕ್ಕೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೀಲ ಕೂಡ ಅಲುಗದೆ ಜೋತುಬಿದ್ದಿತ್ತು. ಮಗು ನಿದ್ದೆಯಲ್ಲಿತ್ತು, ಅಜ್ಜಿಯ ಎರಡೂ ಕೈ ನೆಲದ ಮೇಲಿದ್ದವು. ಆಗ ಕಿವಿಯ ಮೇಲಿನ ಕೂದಲು ಅಲುಗಿತು.

ನೊಣ ಕೂತು ಎದ್ದಿರಬಹುದೇ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನೊಣಗಳು ಇದ್ದವು, ಅದು ನಿಜ. ಚೆಂಡು ಹೂವಿನ ಕಾಲ. ಜಗಲಿಯ ಪಕ್ಕದಲ್ಲೇ ಕೊಳೆತ ಹೂವನ್ನು ಆರಿಸಿ ಎಸೆದ ಗುಡ್ಡೆ ಇತ್ತು. ಆದರೆ ನೊಣ ಎದ್ದುಹೋದರೆ ಕೂದಲು ಒಮ್ಮೆ ಅಲುಗಿ ನಿಲ್ಲುತ್ತದೆ. ಇದು ಹಾಗಿರಲಿಲ್ಲ. ಒಳಗಿನಿಂದ ಯಾರೋ ಬೆರಳು ಆಡಿಸಿದ ಹಾಗೆ ಅಲುಗಿತು, ನಿಂತಿತು, ಮತ್ತೆ ಅಲುಗಿತು.

ಆ ಕೂದಲಿನ ವಿಷಯ ಮೊದಲು ಹೇಳಬೇಕು. ನಮ್ಮ ಕಡೆ ಮಗುವಿನ ಹುಟ್ಟುಗೂದಲನ್ನು ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಡುವವರೆಗೆ ಕತ್ತರಿ ಸೋಕಿಸುವುದಿಲ್ಲ. ಮೊದಲನೆಯ ವರ್ಷ ಕೊಡಬೇಕಾಗಿತ್ತು. ಆ ವರ್ಷವೇ ಮಗುವಿನ ತಾತ ತೀರಿಕೊಂಡರು. ಸಾವಾದ ಮನೆಯಲ್ಲಿ ವರ್ಷ ಕಳೆಯದೆ ಮುಡಿ ಕೊಡುವಂತಿಲ್ಲ. ಎರಡು ಸಮಸಂಖ್ಯೆ, ಆ ವರ್ಷವೂ ಆಗದು. ಹಾಗಾಗಿ ಮೂರಕ್ಕೆ ನಿಂತಿತು. ಅಷ್ಟರಲ್ಲಿ ಕೂದಲು ಭುಜದವರೆಗೆ ಇಳಿದಿತ್ತು. ಒಳ್ಳೆಯ ಕಪ್ಪು ಕೂದಲು. ಅಜ್ಜಿ ಅದಕ್ಕೆ ಹರಳೆಣ್ಣೆ ಹಾಕಿ ಎರಡೂ ಕಿವಿಯ ಮೇಲೆ ಇಳಿಬಿಟ್ಟು ಮೇಲೊಂದು ಜುಟ್ಟು ಕಟ್ಟುತ್ತಿದ್ದರು.

ಕಿವಿ ಸೋರಲು ಶುರುವಾದದ್ದು ಮಳೆ ಹಿಡಿದ ಮೇಲೆ. ನೆಗಡಿ ಬಂತು, ಜ್ವರ ಬಂತು, ಜ್ವರ ಬಿಟ್ಟಾಗ ಎಡಗಿವಿಯಿಂದ ಕೀವು ಇಳಿಯಿತು. ತಂಗಿ ಗುಂಡ್ಲುಪೇಟೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಸಿರಪ್ಪು, ಕಿವಿಗೆ ಹನಿ ಕೊಟ್ಟರು. ಕಿವಿಗೆ ನೀರು ಹೋಗಬಾರದು ಎಂದೂ ಹೇಳಿದರು. ಆ ಮಾತನ್ನು ಮನೆಯವರು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ತಲೆಗೆ ನೀರು ಹಾಕುವುದನ್ನೇ ಬಿಟ್ಟರು. ಹತ್ತಿ ಇಡುವುದು ಬೇಡವೆಂದದ್ದು ಮಾತ್ರ ಅಜ್ಜಿ.

"ಸೋರ್ಲಿ ಬುಡಮ್ಮಿ, ಕೆಟ್ಟದ್ದೆಲ್ಲ ಓಗ್ಲಿ. ತಡದ್ರ ತಲ್ಗ ಏರ್ಕತದ" ಎಂದಿದ್ದರಂತೆ.

ಹೀಗೆ ತೊಳೆಯದ ತಲೆ, ಮುಚ್ಚದ ಕಿವಿ, ಅದರ ಮೇಲೆ ಎಣ್ಣೆಗೂದಲು. ಮಧ್ಯಾಹ್ನ ತಂಗಿ, ಅಜ್ಜಿ ಇಬ್ಬರೂ ಹೂವು ಕೀಳುವಾಗ ಮಗುವನ್ನು ಹೊಲದ ಬದುವಿನಲ್ಲಿ ಹೂವಿನ ಚೀಲಗಳ ಮೇಲೆಯೇ ಮಲಗಿಸುತ್ತಿದ್ದರು. ಇದರಲ್ಲಿ ಯಾವುದನ್ನೂ ಅವರು ಅಸಡ್ಡೆಯಿಂದ ಮಾಡಲಿಲ್ಲ. ಒಂದೊಂದನ್ನೂ ಮಗುವಿಗೆ ಒಳ್ಳೆಯದಾಗಲಿ ಎಂದೇ ಮಾಡಿದರು.

ನನಗೆ ಚಾಮರಾಜನಗರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ. ಸೋಮವಾರ ವಾರದ ರಜೆ. ಮಗು ಎರಡು ದಿನದಿಂದ ಅಳುತ್ತಿದೆ, ಊಟ ಮಾಡುತ್ತಿಲ್ಲ ಎಂದು ತಂಗಿ ಫೋನ್ ಮಾಡಿದ್ದಕ್ಕೆ ಬಂದಿದ್ದೆ. ಭಾವ ಅರಣ್ಯ ಇಲಾಖೆಯ ವಾಚರ್, ಬಂಡೀಪುರದ ಒಳಗಿನ ಕ್ಯಾಂಪಿನಲ್ಲಿದ್ದರು. ಅಲ್ಲಿಗೆ ಫೋನ್ ಸಿಗುವುದಿಲ್ಲ.

"ಅವ್ವ, ಇವಳ ಕೂದಲು ಸ್ವಲ್ಪ ಎತ್ತಿ" ಎಂದೆ ಅಜ್ಜಿಗೆ.

"ಯಾಕಪ್ಪ? ಈಗ್ತಾನೆ ಕಣ್ ಮುಚ್ಚವ್ಳ. ಅತ್ತೂ ಅತ್ತೂ ಸುಸ್ತಾಗವ್ಳ. ಬಂದದ್ದೇ ತಡ ಎಬ್ಬುಸ್ಬುಡು ನೀನು."

ತಂಗಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಿದ್ದಳು. "ಅಣ್ಣ, ರಾತ್ರಿಯೆಲ್ಲ ಒಂದೇ ಮಾತ ಏಳ್ತಾವ್ಳ. ಒಳಗ ಯಾರೋ ಅವ್ರ, ಒಳಗ ಯಾರೋ ಅವ್ರ ಅಂತಾಳ. ಕೋಣೇಲಿ ಯಾರ್ ಅವ್ರಮ್ಮಿ ಅಂತ ದೀಪ ಹಾಕಿ ತೋರುಸ್ದಿ."

"ಅಂಜ್ಕಂಡವ್ಳ" ಎಂದರು ಅಜ್ಜಿ. "ವಿಭೂತಿ ಹಚ್ಚಿವ್ನಿ."

ಹಣೆಯ ಮೇಲೆ ವಿಭೂತಿ ಇತ್ತು. ನಾನು ಜಗಲಿ ಹತ್ತಿ ಮಂಡಿಯೂರಿ ಕೂತೆ. ಮೊದಲು ವಾಸನೆ ಬಂತು. ಕೀವಿನ ವಾಸನೆ ನನಗೆ ಗೊತ್ತು, ಇದು ಅದಲ್ಲ. ಹೆಗ್ಗಣ ಸತ್ತ ಮೂಲೆಯಲ್ಲಿ ಬರುವಂಥದ್ದು, ಹರಳೆಣ್ಣೆಯ ವಾಸನೆಯ ಅಡಿಯಲ್ಲಿ. ಒಂದು ಬೆರಳಿನಿಂದ ಕೂದಲನ್ನು ಹಿಂದಕ್ಕೆ ಸರಿಸಿದೆ. ಅದು ಎಣ್ಣೆಗೂ ಕೀವಿಗೂ ಅಂಟಿ ಒಂದೇ ಪದರವಾಗಿತ್ತು. ಬಟ್ಟೆಯ ಹಾಗೆ ಎದ್ದಿತು. ಕೆಳಗೆ ಕಿವಿಯ ತೂತು ಇರಬೇಕಾದ ಕಡೆ ಬೆಳ್ಳಗೆ ಏನೋ ತುಂಬಿತ್ತು. ಅನ್ನ ಎಂದುಕೊಂಡೆ. ಉಣ್ಣುವಾಗ ಅಂಟಿಕೊಂಡಿರಬೇಕು ಎಂದು ನಿಜವಾಗಿಯೂ ಅಂದುಕೊಂಡೆ. ಬೆಳಕು ತಾಗಿದ ಕೂಡಲೇ ಆ ಅನ್ನದ ಅಗುಳುಗಳೆಲ್ಲ ಒಟ್ಟಿಗೆ ಒಳಕ್ಕೆ ಸರಿದವು.

ತಂಗಿಯ ಕೈಯಿಂದ ಲೋಟ ಬಿತ್ತು. ಮಗು ಎಚ್ಚರವಾಗಿ ಕಿವಿಗೆ ಕೈ ಹಾಕಿ ಕೀರಲು ಶುರುಮಾಡಿತು. ನಾನು ಆ ಕೈ ಹಿಡಿದುಕೊಂಡೆ. ಉಗುರಿನ ಸಂದಿಯಲ್ಲಿ ರಕ್ತ ಇತ್ತು.

ಬೆಳಗಿನ ಬಸ್ಸು ಹೋಗಿಬಿಟ್ಟಿತ್ತು. ಹೂವು ತುಂಬಲು ಬಂದ ಪಿಕಪ್ ಗಾಡಿ ಎದುರು ಮನೆಯ ಮುಂದೆ ನಿಂತಿತ್ತು. ಡ್ರೈವರ್ ಗುಂಡ್ಲುಪೇಟೆಯ ಮುಸ್ಲಿಂ ಹುಡುಗ, ಮದುವೆಯಾಗಿ ಒಂದು ಮಗುವಿನ ತಂದೆ. ನಾನು ಏನು ಹೇಳಿದೆನೋ ನೆನಪಿಲ್ಲ. ಅವನು ಬಂದು ಬಗ್ಗಿ ನೋಡಿದ, ತಿರುಗಿ ಹೋಗಿ, ಏರಿಸಿದ್ದ ಚೀಲಗಳನ್ನು ಹಾಗೇ ಬಿಟ್ಟು ಗಾಡಿ ಸ್ಟಾರ್ಟ್ ಮಾಡಿದ. ತಂಗಿ ಮಗುವನ್ನು ಎತ್ತಿಕೊಂಡು ಮುಂದೆ ಕೂತಳು. ಅಜ್ಜಿ ನಾನೂ ಬರುತ್ತೇನೆಂದು ಸೀರೆ ಎತ್ತಿಕಟ್ಟಿ ಹಿಂದೆ ಹೂವಿನ ಚೀಲದ ಮೇಲೆ ಹತ್ತಿದರು. ನಾನು ಅವರ ಪಕ್ಕದಲ್ಲಿ ಸರಳು ಹಿಡಿದು ನಿಂತೆ.

"ಅಜ್ಜಿ, ಗಟ್ಟಿಯಾಗಿ ಕೂತ್ಕಳಿ. ನನ್ ಗಾಡೀಲಿ ಇದುವರ್ಗು ಹೂವ್ ಬುಟ್ರ ಯಾರೂ ಹಿಂದ ಕೂತಿಲ್ಲ" ಎಂದ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ.

"ಹೂವಾದ್ರ ಸುಮ್ನಿರ್ತದ. ನೀನೂ ಸುಮ್ನ ಓಡ್ಸು ಕಣ್ಲಾ" ಎಂದರು ಅಜ್ಜಿ.

ಗುಂಡ್ಲುಪೇಟೆಯಲ್ಲಿ ಸಿಕ್ಕ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಮುಟ್ಟಲಿಲ್ಲ. "ಇದು ಕಿವಿ ಡಾಕ್ಟರೇ ನೋಡಬೇಕು, ಎಳೆಯಲು ಹೋದರೆ ಒಳಗೆ ಹೋಗುತ್ತವೆ. ಚಾಮರಾಜನಗರಕ್ಕೆ ಹೋಗಿ, ಎಲ್ಲೂ ನಿಲ್ಲಿಸಬೇಡಿ" ಎಂದರು. ಡ್ರೈವರ್ ಏನೂ ಕೇಳದೆ ಗಾಡಿಯನ್ನು ತೆರಕಣಾಂಬಿ ರಸ್ತೆಗೆ ತಿರುಗಿಸಿದ.

ಆ ದಾರಿಯಲ್ಲಿ ನಾನು ಬಸ್ಸು ರಿಪೇರಿ ಮಾಡಲು ಎಷ್ಟೋ ಸಲ ಬಂದಿದ್ದೇನೆ. ಯಾವ ತಿರುವು ಎಲ್ಲಿದೆ ಗೊತ್ತು. ಅಂದು ಊರುಗಳು ಹಿಂದು ಮುಂದಾಗಿ ಬಂದ ಹಾಗಿತ್ತು. ಮುಂದಿನಿಂದ ಮಗುವಿನ ಅಳು ಕೇಳುತ್ತಿತ್ತು, ಎಂಜಿನ್ ಸದ್ದಿನ ಮೇಲೂ. ಅದು ಕೇಳುತ್ತಿರುವಷ್ಟು ಹೊತ್ತು ಪರವಾಗಿಲ್ಲ ಎಂದು ಹೇಳಿಕೊಂಡೆ. ತೆರಕಣಾಂಬಿ ದಾಟಿದ ಮೇಲೆ ಅಳು ನಿಂತಿತು. ನಾನು ಕ್ಯಾಬಿನ್ನಿನ ಹಿಂದಿನ ಗಾಜು ಬಡಿದೆ. ತಂಗಿ ತಿರುಗಿ ನೋಡಿದಳು. ಮಗುವಿನ ಕಣ್ಣು ತೆರೆದಿತ್ತು. ಅದು ಅಳದೆ, ತಲೆ ಒಂದು ಕಡೆ ವಾಲಿಸಿ, ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ ಕೂತಿತ್ತು. ಅಳು ಕೇಳಿದ್ದಕ್ಕಿಂತ ಅದನ್ನು ನೋಡಿಯೇ ನನಗೆ ಹೆಚ್ಚು ಹೆದರಿಕೆಯಾಯಿತು.

ಆಗಲೇ ಅಜ್ಜಿ, ನನ್ನ ಕಡೆ ತಿರುಗದೆ, ಒಂದು ವಿಷಯ ಹೇಳಿದರು. ಭಾವನಿಗಿಂತ ಮೊದಲು ಅವರಿಗೊಂದು ಗಂಡುಮಗು ಇತ್ತಂತೆ. ಹೇನು ಬಿದ್ದಿತ್ತೆಂದು ಮುಡಿ ಕೊಡುವ ಮೊದಲೇ ಅವರ ನಾದಿನಿ ಹಿತ್ತಲಲ್ಲಿ ಕೂರಿಸಿ ಕೂದಲು ಕತ್ತರಿಸಿಬಿಟ್ಟಳು. ಅದೇ ತಿಂಗಳು ಜ್ವರ ಬಂದು ಮಗು ತೀರಿಹೋಯಿತು.

"ಅಸ್ಪತ್ರೇಲಿ ಏನ್ ಬೇಕಾದ್ರೂ ಮಾಡ್ಲಿ. ಕೂದ್ಲ ಮುಟ್ಟದ್ ಬ್ಯಾಡ ಕಣಪ್ಪ. ನೀನ್ ಏಳ್ಬೇಕು ಅವ್ರ್ಗ."

ನಾನು ಹೂಂ ಎಂದೆ.

ದೊಡ್ಡಾಸ್ಪತ್ರೆಯ ಕಿವಿ ವಿಭಾಗದ ಕೋಣೆ ಚಿಕ್ಕದು. ಒಂದು ಕುರ್ಚಿ, ಒಂದು ಮಂಚ, ಕಿಟಕಿಯ ಪಕ್ಕ ಸಿಂಕು. ಡಾಕ್ಟರು ನಡುವಯಸ್ಸಿನ ಹೆಂಗಸು. ಹಣೆಯ ಮೇಲಿನ ದೀಪ ಸರಿಮಾಡಿಕೊಂಡು ಒಂದು ಸಲ ನೋಡಿದರು.

"ನೊಣ ಮೊಟ್ಟೆ ಇಟ್ಟಿದೆ. ಕೀವಿನ ವಾಸನೆಗೆ ಬರುತ್ತವೆ. ಹೆದರಬೇಡಿ, ತೆಗೆಯುತ್ತೇನೆ" ಎಂದರು. ಆಮೇಲೆ ನನ್ನನ್ನು ಬಾಗಿಲ ಬಳಿಗೆ ಕರೆದು ದನಿ ತಗ್ಗಿಸಿದರು. "ಇವಳ ಕಿವಿತಮಟೆ ಮೊದಲೇ ತೂತಾಗಿದೆ. ಹುಳ ಅದನ್ನು ದಾಟಿ ಎಷ್ಟು ಒಳಗೆ ಹೋಗಿವೆಯೋ ಗೊತ್ತಿಲ್ಲ. ಆಚೆ ತೆಳ್ಳಗಿನ ಮೂಳೆ. ಅದರಾಚೆ ಮೆದುಳು. ತಡಮಾಡುವ ಹಾಗಿಲ್ಲ. ಮೊದಲು ಈ ಕಡೆಯ ಕೂದಲು ಪೂರ್ತಿ ತೆಗೀಬೇಕು. ಕಿವಿಯ ಹಿಂದೆಯೂ ಗಾಯ ಇರೋ ಹಾಗಿದೆ."

ನರ್ಸ್ ಕತ್ತರಿ ತಂದರು. ಅಜ್ಜಿ ಮುಂದೆ ಬಂದು ಮಗುವಿನ ತಲೆಯ ಮೇಲೆ ಎರಡೂ ಅಂಗೈ ಇಟ್ಟರು. ಒತ್ತಲಿಲ್ಲ, ಬರೀ ಮುಚ್ಚಿದರು.

"ಬ್ಯಾಡ ಕಣವ್ವ. ಇದು ಮಾದಪ್ಪನ್ದು."

"ಅಜ್ಜಿ, ಕೈ ತೆಗೀರಿ. ಮಗು ಉಳೀಬೇಕೋ ಬೇಡವೋ?" ನರ್ಸ್ ಕೇಳಿದರು.

"ಉಳೀಲಿ ಅಂತ್ಲೇ ಅಂತಿವ್ನಿ ನಾನು!"

ಅದು ಕಿರುಚಿದ ಮಾತು. ನಾನು ಇಬ್ಬರನ್ನೂ ನೋಡಿದೆ. ಡಾಕ್ಟರಿಗೆ ಕಾಣುತ್ತಿದ್ದ ಸಾವು ಕಿವಿಯೊಳಗಿತ್ತು. ಅಜ್ಜಿಗೆ ಕಾಣುತ್ತಿದ್ದದ್ದು ಆ ಕತ್ತರಿಯಲ್ಲಿತ್ತು. ಅವರು ಅದನ್ನು ಒಮ್ಮೆ ಕಂಡಿದ್ದರು. ತಂಗಿ ನಡುವೆ ನಿಂತು ಅತ್ತೆಯ ಮಣಿಕಟ್ಟು ಹಿಡಿದಿದ್ದಳು. ಎಳೆಯುವುದಕ್ಕೋ ಆಸರೆಗೋ ನನಗೆ ತಿಳಿಯಲಿಲ್ಲ. ಮಗು ಮತ್ತೆ ಅಳಲು ಶುರುಮಾಡಿತ್ತು. ಈ ಸಲ ಸಣ್ಣಗೆ, ಒಂದೇ ಸಮನೆ.

"ಅತ್ತೆ" ಎಂದಳು ತಂಗಿ. "ಬೆಟ್ಟುಕ್ ಹೋದ್ರೂ ಮೊದ್ಲು ಕತ್ರಿ ಹಾಕದ್ ಯಾರು? ಮಾವ ತಾನೆ? ಮಾವ ಇಲ್ಲೇ ಅವ್ನಲ್ಲ."

ಮುಡಿ ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲಿರಬೇಕು, ಮೊದಲ ಎಳೆಯನ್ನು ಅವನೇ ಕತ್ತರಿಸಬೇಕು. ಉಳಿದದ್ದು ಕ್ಷೌರದವರ ಕೆಲಸ. ಅಜ್ಜಿ ನನ್ನ ಮುಖವನ್ನು ನೋಡಿದರು. ಆಮೇಲೆ ಕೈ ತೆಗೆದು ಡಾಕ್ಟರನ್ನು ಕೇಳಿದರು: "ಮೂಡ್ಲು ಯಾವ್ ಕಡಕವ್ವ?"

ಡಾಕ್ಟರಿಗೆ ಗೊತ್ತಿರಲಿಲ್ಲ. ನರ್ಸ್ ಕಿಟಕಿಯ ಕಡೆ ತೋರಿಸಿದರು. "ಕುರ್ಚಿ ತಿರುಗಿಸಿ, ಬೇಗ" ಎಂದರು ಡಾಕ್ಟರು. ನಾನು ಕಿಟಕಿಗೆ ಮುಖ ಮಾಡಿ ಕೂತೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅಜ್ಜಿ ಸೆರಗು ಬಿಚ್ಚಿ ನಮ್ಮ ಮುಂದೆ ಒಡ್ಡಿ ನಿಂತರು.

"ಮಾದಪ್ಪ, ನಿನ್ ತಾವ್ಕ ಬರಕ ಆಗ್ನಿಲ್ಲ. ಇಲ್ಲೇ ತಕ್ಕಪ್ಪ. ತಪ್ಪಿದ್ರ ನನ್ಗ ಹಾಕು, ಕೂಸ್ಗ ಹಾಕ್ಬ್ಯಾಡ."

ನಾನು ಕತ್ತರಿ ತೆಗೆದುಕೊಂಡೆ. ಸ್ಪ್ಯಾನರ್ ಹಿಡಿಯುವ ಕೈ, ಅಷ್ಟು ಸಣ್ಣ ಕತ್ತರಿಯ ಉಂಗುರಕ್ಕೆ ಹೆಬ್ಬೆರಳು ಹೋಗಲಿಲ್ಲ; ತುದಿ ಮಾತ್ರ ಸಿಕ್ಕಿಸಿದೆ. ಎಡಗಿವಿಯ ಮೇಲಿನ ಎಳೆಯನ್ನು ಎತ್ತಿ ಕತ್ತರಿಸಿದೆ. ಅದು ಸೆರಗಿಗೆ ಬಿತ್ತು. ಅದರ ಜೊತೆ ಇನ್ನೇನೋ ಬಿತ್ತು, ಸೆರಗಿನ ಮೇಲೆ ಸುತ್ತಿಕೊಂಡಿತು. ಅಜ್ಜಿ ಅದನ್ನು ನೋಡಿದರು. ಅವರ ಕೈ ಸೆರಗನ್ನು ಬಿಡಲಿಲ್ಲ.

ಉಳಿದ ಕೂದಲನ್ನು ನರ್ಸ್ ಬೇಗ ಬೇಗ ತೆಗೆದರು. ಕಿವಿ ಪೂರ್ತಿ ಕಂಡಿತು. ನಾನು ಕಂಡದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಕಿವಿ ಕೆಂಪಗೆ ಊದಿ ಮುಂದಕ್ಕೆ ಬಾಗಿತ್ತು. ಅದರ ಹಿಂದಿನ ಮಡಿಕೆಯಲ್ಲಿ ಚರ್ಮ ತೆರೆದುಕೊಂಡಿತ್ತು. ತೂತಿನೊಳಗೆ ಬಿಳಿ ಹುಳಗಳು ತಲೆ ಒಳಕ್ಕೆ, ಬಾಲ ಹೊರಕ್ಕೆ ಮಾಡಿ ಒತ್ತೊತ್ತಾಗಿ ನಿಂತಿದ್ದವು, ಎಲ್ಲ ಒಂದೇ ತಾಳಕ್ಕೆ ಉಬ್ಬಿ ತಗ್ಗುತ್ತಿದ್ದವು. ಡಾಕ್ಟರು ಯಾವುದೋ ಘಾಟು ವಾಸನೆಯ ಎಣ್ಣೆಯಲ್ಲಿ ಅದ್ದಿದ ಬತ್ತಿಯನ್ನು ಕಿವಿಯ ಬಾಯಿಗೆ ಇಟ್ಟು ಕಾದರು. ಮಗುವಿನ ಮೈ ನನ್ನ ತೋಳಿನಲ್ಲಿ ಬಿಲ್ಲಿನ ಹಾಗೆ ಸೆಟೆಯಿತು. ಅಷ್ಟು ಚಿಕ್ಕ ಮೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. ನಾನು ಅವಳ ತಲೆಯನ್ನು ನನ್ನ ಎದೆಗೆ ಒತ್ತಿ ಹಿಡಿದೆ, ನರ್ಸ್ ಕಾಲು ಹಿಡಿದರು. ಬತ್ತಿ ತೆಗೆದಾಗ ಅವು ಹೊರಗೆ ಬರಲು ಶುರುವಾದವು. ಡಾಕ್ಟರು ಚಿಮಟದಿಂದ ಒಂದೊಂದನ್ನೇ ಹಿಡಿದು ಸ್ಟೀಲ್ ಬಟ್ಟಲಿಗೆ ಹಾಕಿದರು. ಬಟ್ಟಲಿನಲ್ಲಿ ಅವು ಸದ್ದು ಮಾಡುತ್ತಿದ್ದವು. ನಾನು ಎಣಿಸಲಿಲ್ಲ.

"ಬಾ, ಬಾ, ಹೊರಗೆ ಬಾ" ಎಂದು ಡಾಕ್ಟರು ಮೆಲ್ಲಗೆ ಹೇಳುತ್ತಿದ್ದರು, ಯಾವುದೋ ಮಗುವನ್ನು ಕರೆಯುವ ಹಾಗೆ. ತಾನು ಹಾಗೆ ಹೇಳುತ್ತಿದ್ದೇನೆಂದು ಅವರಿಗೆ ತಿಳಿದಿರಲಿಲ್ಲ ಎಂದು ಕಾಣುತ್ತದೆ.

ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಅಲ್ಲಿಯವರೆಗೆ ನೋಡಿ, ಹೊರಗೆ ಹೋಗಿ ಗೋಡೆಗೆ ಕೈಕೊಟ್ಟು ವಾಂತಿ ಮಾಡಿದ. ಬಾಯಿ ತೊಳೆದುಕೊಂಡು ಮತ್ತೆ ಬಂದು ಅದೇ ಜಾಗದಲ್ಲಿ ನಿಂತ.

ಮೇಲಿನವು ಮಾತ್ರ ಆ ದಿನ ಬಂದವು. ಆಳದವನ್ನು ಅರಿವಳಿಕೆ ಕೊಟ್ಟು ತೆಗೆಯಬೇಕೆಂದರು. ಮೊದಲು ತಲೆಯ ಸ್ಕ್ಯಾನ್ ಆಗಬೇಕಿತ್ತು. ಆ ಸ್ಕ್ಯಾನಿನ ವಿಷಯ ತಿಳಿಯುವವರೆಗೆ ನಾವು ವೆರಾಂಡದಲ್ಲಿ ಕೂತಿದ್ದೆವು. ಅಜ್ಜಿ ಸೆರಗಿನ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು, ಆ ಕೂದಲನ್ನು ಎಲ್ಲೂ ಇಡಲಾರದೆ, ಬಿಡಲಾರದೆ ಕೂತಿದ್ದರು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದೆ. ಅದರ ಎಡಗಿವಿ ನನ್ನ ಕುತ್ತಿಗೆಗೆ ತಾಗುತ್ತಿತ್ತು. ಬ್ಯಾಂಡೇಜಿನ ಮೂಲಕ ಏನೋ ಮಿಸುಕುತ್ತಿದೆ ಎಂದು ನನಗೆ ಅನ್ನಿಸುತ್ತಲೇ ಇತ್ತು. ಅದು ನಿಜವಾಗಿಯೂ ಇತ್ತೋ, ನನ್ನ ಕುತ್ತಿಗೆಯ ನರವೇ ಹೊಡೆದುಕೊಳ್ಳುತ್ತಿತ್ತೋ ಇಂದಿಗೂ ಹೇಳಲಾರೆ.

ಸಂಜೆ ಡಾಕ್ಟರೇ ಎದ್ದು ಬಂದು ಹೇಳಿದರು. ಮೂಳೆ ಉಳಿದಿದೆ. ಒಳಗೆ ದಾಟಿಲ್ಲ.

ತಂಗಿ ಎದ್ದು ಬಂದು ನನ್ನ ಹೆಗಲಿನಿಂದ ಮಗುವನ್ನು ಎತ್ತಿಕೊಂಡಳು. ಅಜ್ಜಿ ಮಾತ್ರ, "ಈ ತಿಂಗ್ಳು ಕಳೀಲಿ" ಎಂದರು, ಅಷ್ಟೇ.

ಮಾರನೆಯ ದಿನ ಉಳಿದವನ್ನು ತೆಗೆದರು. ಭಾವ ಅಷ್ಟರಲ್ಲಿ ಸುದ್ದಿ ತಿಳಿದು ಕಾಡಿನಿಂದ ಬಂದಿದ್ದರು. ಮಗುವನ್ನು ಮನೆಗೆ ಕರೆದುಕೊಂಡು ಬಂದ ಮೇಲೆ ಅಜ್ಜಿ ರಾತ್ರಿ ಮಲಗುವುದನ್ನೇ ಬಿಟ್ಟರಂತೆ. ಕೂಸಿನ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದರಂತೆ, ಜ್ವರ ಬಂತೇ ಎಂದು. ಬರಲಿಲ್ಲ. ತಿಂಗಳು ಕಳೆದ ಮೇಲೆ ನಾವೆಲ್ಲ ಬೆಟ್ಟಕ್ಕೆ ಹೋಗಿ ಉಳಿದ ಅರ್ಧ ತಲೆಯ ಮುಡಿ ಕೊಟ್ಟು ಬಂದೆವು. ಸೆರಗಿನಲ್ಲಿ ಕಟ್ಟಿ ತಂದು ಇಟ್ಟಿದ್ದ ಕೂದಲೂ ಬಂದಿತ್ತು. ಆದರೂ ಅಜ್ಜಿಯ ಹೆದರಿಕೆ ಹೋಗಲಿಲ್ಲ. ಮಗು ಒಮ್ಮೆ ಸೀನಿದರೂ ಅವರು ನನ್ನ ಕೈಗಳ ಕಡೆ ನೋಡುತ್ತಿದ್ದರು. ಬೈಯುತ್ತಿರಲಿಲ್ಲ. ನೋಡುತ್ತಿದ್ದರು.

ಅವಳು ಈಗ ಶಾಲೆಗೆ ಹೋಗುತ್ತಾಳೆ. ಎಡಗಿವಿ ಅರ್ಧಕ್ಕರ್ಧ ಕೇಳುವುದಿಲ್ಲ. ತಮಟೆಯ ತೂತನ್ನು ಇನ್ನಷ್ಟು ದೊಡ್ಡವಳಾದ ಮೇಲೆ ಮುಚ್ಚಬಹುದು ಎಂದಿದ್ದಾರೆ. ಕ್ಲಾಸಿನಲ್ಲಿ ತನ್ನ ಎಡಕ್ಕೆ ಗೋಡೆ ಬರುವ ಬೆಂಚಿನಲ್ಲಿ ಕೂತು ಬಲಗಿವಿಯನ್ನು ಮೇಷ್ಟರ ಕಡೆ ಕೊಡುತ್ತಾಳಂತೆ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಇದನ್ನು ಯಾರಾದರೂ ನಂಬದಿದ್ದರೆ ಕೇಳಲು ಜನ ಇದ್ದಾರೆ. ಸೆರಗು ಒಡ್ಡಿದ್ದ ಅಜ್ಜಿ ಹೋದ ವರ್ಷ ತೀರಿಕೊಂಡರು. ಭಾವ ಬಂದದ್ದು ಆಮೇಲೆ, ಅವರು ಕಂಡಿಲ್ಲ. ಆ ಕೋಣೆಯಲ್ಲಿ ಕಂಡವರಲ್ಲಿ ಬದುಕಿರುವವರು ಇಷ್ಟು: ಆ ಕಿವಿ ಡಾಕ್ಟರು, ಈಗ ಬೇರೆ ಊರಿಗೆ ವರ್ಗವಾಗಿ ಹೋಗಿದ್ದಾರೆ; ಕಾಲು ಹಿಡಿದ ನರ್ಸ್, ಅದೇ ಆಸ್ಪತ್ರೆಯಲ್ಲಿದ್ದಾರೆ, ನನ್ನನ್ನು ಕಂಡರೆ ಮಗು ಹೇಗಿದೆ ಎಂದು ಕೇಳುತ್ತಾರೆ; ಗುಂಡ್ಲುಪೇಟೆಯ ಡ್ರೈವರ್, ಅವನು ತನ್ನ ಮಗಳ ಕಿವಿಯನ್ನು ದಿನಾ ಬಿಸಿಲಿಗೆ ಹಿಡಿದು ನೋಡುತ್ತಾನಂತೆ, ಹೆಂಡತಿ ನಗುತ್ತಾಳಂತೆ; ನಾನು; ಮತ್ತು ನನ್ನ ತಂಗಿ, ಭೀಮನಬೀಡಿನಲ್ಲಿ. ಅವಳನ್ನು ಮಾತ್ರ ಕೇಳಬೇಡಿ.